ಚಿಕ್ಕಪ್ಪ ಕಳುಹಿಸಿದ ಇಲಿ

ಚಿಕ್ಕಪ್ಪ: “ಹೆಣ್ಣಿನ ಅಂಜಿಕೆ, ಜಗಳಗಂಟತನ ಎರಡೂ ಜೀನ್‌ನಲ್ಲೇ ಇವೆ: ಇಲಿಗಳಲ್ಲಿ ಸಾಬೀತು!” ಎಲ್ಲರೂ ಓದಿ. ಇನ್ನು ನಾನು ಏನೂ ಹೇಳುವುದಿಲ್ಲ.

ಚಿಕ್ಕಮ್ಮ: ಹೇಳುವುದಿಲ್ಲ ಎನ್ನುತ್ತಲೇ ಬೆಳಿಗ್ಗೆಯಿಂದ ಮೂರು ಗುಂಪಿಗೆ ಕಳುಹಿಸಿದ್ದೀರಿ.

ಅಣ್ಣ: ಚಿಕ್ಕಪ್ಪನ ಮಾತಿನಲ್ಲಿ ಹುರುಳಿದೆ. ಬಾಲ್ಬ್-ಸಿ ತಳಿಯ ಇಲಿ ಅಂಜುಬುರುಕ, ಸಿ57 ತಳಿಯದು ಅಷ್ಟಿಲ್ಲ. ಒಂದು ತಳಿಯೊಳಗೆ ಎಲ್ಲ ಇಲಿಗಳ ಜೀನ್‌ಗಳೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಮತ್ತೆಲ್ಲಿಂದ ಬಂತು?

ನಾನು: ಅವೇ ಎರಡು ತಳಿಗಳ ಮೇಲಿನ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು, ಅಣ್ಣ. ಸಿ57ರ ಭ್ರೂಣವನ್ನು ಬಾಲ್ಬ್ ಇಲಿಯ ಗರ್ಭದಲ್ಲಿಟ್ಟು, ಹುಟ್ಟಿದ ಮೇಲೂ ಬಾಲ್ಬ್ ತಾಯಿಯ ಬಳಿಯೇ ಬೆಳೆಸಿದರು. ದೊಡ್ಡದಾದ ಮೇಲೆ ಹಲವು ಪರೀಕ್ಷೆಗಳಲ್ಲಿ ಅದು ಬಾಲ್ಬ್‌ನಂತೆಯೇ ನಡೆದುಕೊಂಡಿತು.

ಚಿಕ್ಕಪ್ಪ: ಹಾಗಾದರೆ ಜೀನ್ ಲೆಕ್ಕಕ್ಕೇ ಇಲ್ಲವೇ?

ನಾನು: ಯಾರು ಹಾಗೆಂದರು? ವಾಸೊಪ್ರೆಸಿನ್ ಎಂಬ ಹಾರ್ಮೋನಿನ ಒಂದು ರಿಸೆಪ್ಟರ್‌ನ, ಅಂದರೆ ಜೀವಕೋಶದಲ್ಲಿ ಆ ಹಾರ್ಮೋನನ್ನು ಗುರುತಿಸುವ ಪ್ರೋಟೀನಿನ, ಜೀನ್ ತೆಗೆದರೆ ಬಾಣಂತಿ ಇಲಿಯ ಆಕ್ರಮಣ ತಗ್ಗುತ್ತದೆ. ಆದರೆ ಆ ‘ಬಾಣಂತಿ’ ಎಂಬ ಮಾತು ನಿಮ್ಮ ಸಂದೇಶದಲ್ಲಿ ಇಲ್ಲ. ಪ್ರಯೋಗಾಲಯದ ಹೆಣ್ಣಿಲಿ ಸಾಮಾನ್ಯವಾಗಿ ಜಗಳಕ್ಕೇ ಹೋಗುವುದಿಲ್ಲ. ಅಪರಿಚಿತ ಇಲಿಯನ್ನು ಪಂಜರಕ್ಕೆ ಬಿಟ್ಟರೆ ಮೂಸಿ ನೋಡಿ ಸುಮ್ಮನಾಗುತ್ತದೆ. ಅದೇ ಇಲಿ ಹಾಲೂಡಿಸುತ್ತಿರುವಾಗ ಒಂದು ಗಂಡಿಲಿಯನ್ನು ಬಿಡಿ: ಮರಿಗಳನ್ನು ಬಿಟ್ಟೆದ್ದು ಮೈಮೇಲೆ ಹಾರಿ ಕಚ್ಚುತ್ತದೆ. ಮರಿಗಳು ಹಾಲು ಬಿಟ್ಟ ಮೇಲೆ ಮತ್ತೆ ಸಾಧು. ಅಷ್ಟೂ ದಿನ ಜೀನ್ ಅದೇ.

ಚಿಕ್ಕಮ್ಮ: ಮರಿಗಳ ಹತ್ತಿರ ಬಂದವನನ್ನು ಕಚ್ಚಿದರೆ ಅದು ಜಗಳಗಂಟತನವೇ?

ನಾನು: ಅಪರಿಚಿತ ಗಂಡಿಲಿ ಮರಿಗಳನ್ನು ಕೊಲ್ಲುವುದುಂಟು, ಚಿಕ್ಕಮ್ಮ.

ಚಿಕ್ಕಮ್ಮ: ಕೇಳಿಸಿತೇ?

ಅಣ್ಣ: ಇರಲಿ, ಅಂಜಿಕೆಯನ್ನು ಅಳೆದಿದ್ದಾರಲ್ಲ?

ನಾನು: ಯಾವ ಅಂಜಿಕೆ? ಪರೀಕ್ಷೆ ಹೀಗೆ: ಎತ್ತರದಲ್ಲಿ ಅಧಿಕ ಚಿಹ್ನೆಯ (+) ಆಕಾರದ ಹಲಗೆ, ಎರಡು ತೋಳಿಗೆ ಗೋಡೆ, ಎರಡಕ್ಕೆ ಇಲ್ಲ. ಇಲಿ ಗೋಡೆಯ ಮರೆಯಿಂದ ಮೂತಿ ಚಾಚುತ್ತದೆ, ಮೀಸೆ ಅಲುಗಿಸುತ್ತದೆ, ಒಳಗೆ ಸರಿಯುತ್ತದೆ. ಅದು ಬಯಲಿನ ಭಯ. ಇನ್ನೊಂದು ಇಲಿಯನ್ನು ಕಂಡು ಹಿಂಜರಿಯುತ್ತದೆಯೇ ಎಂಬುದಕ್ಕೆ ಬೇರೆಯೇ ಪರೀಕ್ಷೆ ಬೇಕು. ಈ ಹಲಗೆಯ ಪರೀಕ್ಷೆಯಾದರೂ ಸ್ಥಿರವೇ? ಅಮೆರಿಕದ ಆಲ್ಬನಿ, ಪೋರ್ಟ್‌ಲ್ಯಾಂಡ್ ಮತ್ತು ಕೆನಡಾದ ಎಡ್ಮಂಟನ್‌ಗಳ ಮೂರು ಪ್ರಯೋಗಾಲಯಗಳು ಅವೇ ತಳಿ, ಅದೇ ಉಪಕರಣ, ಅದೇ ಕ್ರಮ ಇಟ್ಟುಕೊಂಡು ಪರೀಕ್ಷಿಸಿದವು. 1999ರಲ್ಲಿ ಪ್ರಕಟವಾದಾಗ ನೋಡಿದರೆ, ಕೆಲವು ಪರೀಕ್ಷೆಗಳ ಫಲಿತಾಂಶ ಒಂದೊಂದು ಕಡೆ ಒಂದೊಂದು ಬಗೆ. ಈ ಹಲಗೆಯದೂ ಹಾಗೆಯೇ.

ಚಿಕ್ಕಪ್ಪ: ಇದೆಲ್ಲ ಆ ಸಂದೇಶದಲ್ಲಿ ಇರಲಿಲ್ಲವಲ್ಲ.

ಚಿಕ್ಕಮ್ಮ: ಇದನ್ನೂ ಆ ಮೂರು ಗುಂಪಿಗೆ ಕಳುಹಿಸಿ.

ಚಿಕ್ಕಪ್ಪ: ಇಷ್ಟುದ್ದ ಅಲ್ಲಿ ಯಾರು ಓದುತ್ತಾರೆ?