ಹಣ್ಣು ಪ್ಯಾಕ್ ಮಾಡುವ ವುಡ್ ವುಲ್ ಹೊಂಡದ ಒಡ್ಡಿಗೆ ಹಾಕಬಹುದಾ?

ಕುಷ್ಟಗಿ ದಾಳಿಂಬೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಕುಷ್ಟಗಿ ಹತ್ತಿರ ಮಸಾರಿ ಹೊಲ. ಮೂರೆಕರೆ ದಾಳಿಂಬೆ, ಮೇಲುಗಡೆ ಕೃಷಿ ಹೊಂಡ. ತೋಡಿದ ಮಣ್ಣನ್ನೇ ಸುತ್ತಲೂ ಒಡ್ಡು ಹಾಕಿದ್ದೇವೆ. ಹೋದ ವರ್ಷ ಒಂದೇ ಮಳೆಗೆ ಒಡ್ಡಿನ ಹೊರಮೈಯಲ್ಲಿ ಮೊಣಕೈ ಇಳಿಯುವಷ್ಟು ಕೊರಕಲು ಬಿತ್ತು. ಮಣ್ಣೆಲ್ಲ ಗಿಡದ ಸಾಲಿಗೆ ಬಂದು ಡ್ರಿಪ್ ಪೈಪು ಹೂತುಹೋಯಿತು. ನಾನು, ಅಪ್ಪ ಎರಡು ದಿನ ಕೈಯಲ್ಲೇ ಕೆದರಿ ತೆಗೆದೆವು.

ಬಾಕ್ಸಿಗೆ ಹಾಕಲು ತಂದ ವುಡ್ ವುಲ್ ಎರಡು ಮೂಟೆ ಉಳಿದಿದೆ. ಕೂಲರ್ ಪ್ಯಾಡ್‌ನಲ್ಲಿ ಇರುತ್ತಲ್ಲ, ಅದೇ ಸುರುಳಿ ಸುರುಳಿ ಮರದ ಎಳೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಅಮೆರಿಕನ್ ಎಕ್ಸೆಲ್ಸಿಯರ್ ಅಂತ ಕಂಪನಿ ಇದೆ, 1888ರಲ್ಲಿ ಶುರುವಾದದ್ದು. ಆಸ್ಪೆನ್ ಮರದ ಎಳೆಯನ್ನು ಪ್ಯಾಕಿಂಗಿಗೂ ಕೊಡುತ್ತಾರೆ, ಬಲೆಗೆ ಹೊಲಿದು ಇಳಿಜಾರಿಗೆ ಹೊದಿಸುವ ಚಾಪೆಯನ್ನೂ ಮಾಡುತ್ತಾರೆ. ಹಾಗಾದರೆ ನನ್ನ ಎರಡು ಮೂಟೆ ಒಡ್ಡಿನ ಮೇಲೆ ಹರಡಿದರೆ ನಡೆಯುತ್ತಾ?

ಸಂಡೂರು ಗುಡ್ಡ:
ಸುಮ್ನೆ ಹರಡಬೇಡಿ ಅಣ್ಣ, ಗಾಳಿಗೆ ಹಾರಿಹೋಗುತ್ತದೆ. ಸಂಡೂರಿನ ಗಣಿ ಮಣ್ಣಿನ ರಾಶಿಗಳ ಮೇಲೆ ತೆಂಗಿನ ನಾರಿನ ಬಲೆ ಹಾಸುವ ಕೆಲಸ ಮಾಡಿದ್ದೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತ್ತಲ್ಲ, ಆಮೇಲೆ ರಾಶಿ ಸರಿಪಡಿಸುವ ಕೆಲಸ ಜಾಸ್ತಿ ಬಂತು. ಮೊದಲ ಸಲ ಕಲ್ಲು, ಹೆಂಟೆ ತೆಗೆಯದೆ ಹಾಸಿಬಿಟ್ಟೆವು. ದೂರದಿಂದ ಚಂದ ಕಾಣುತ್ತಿತ್ತು. ಮಳೆ ಆದಮೇಲೆ ಎತ್ತಿ ನೋಡಿದರೆ ಅಡಿಯಲ್ಲಿ ನೀರು ಹರಿದು ಮಣ್ಣೇ ಇಲ್ಲ, ಬಲೆ ತೊಟ್ಟಿಲ ಥರ ತೂಗುತ್ತಿದೆ. ಚಾಪೆ ಯಾವುದೇ ಇರಲಿ, ಮಣ್ಣಿಗೆ ಅಂಟಿ ಕೂರಬೇಕು. ಒಡ್ಡಿನ ನೆತ್ತಿಯಲ್ಲಿ ಗೇಣು ಆಳ ಕಾಲುವೆ ತೆಗೆದು ತುದಿ ಹೂತು ತುಳಿಯಿರಿ. ಇಲ್ಲದಿದ್ದರೆ ನೀರು ಅಲ್ಲೇ ಒಳಗೆ ನುಗ್ಗುತ್ತದೆ. ಚಾಪೆಯ ಸುರುಳಿಯನ್ನು ಮೇಲಿಂದ ಕೆಳಕ್ಕೆ ಬಿಚ್ಚಿರಿ. ಜಗ್ಗಿ ಬಿಗಿ ಮಾಡಬೇಡಿ, ಗೂಟ ಹೊಡೆಯಿರಿ.

ಗಂಗಾವತಿ ಗದ್ದೆ:
ತಮ್ಮಾ, ಹುಲ್ಲು, ಮೇವಿನ ಬೀಜ ಮೊದಲು, ಹೊದಿಕೆ ಆಮೇಲೆ. ಎಳೆ ಒಂದೆರಡು ವರ್ಷಕ್ಕೆ ಕೊಳೆಯುತ್ತದೆ, ಮುಂದೆ ಮಣ್ಣು ಹಿಡಿಯುವುದು ಬೇರು. ನಮ್ಮ ಒಡ್ಡಿಗೆ ಸ್ಟೈಲೋ ಅನ್ನುವ ದ್ವಿದಳ ಮೇವಿನ ಗಿಡ ಹಾಕಿದ್ದೇವೆ, ದನಕ್ಕೂ ಆಯಿತು. ಬೀಜದ ಸಿಪ್ಪೆ ಗಟ್ಟಿ, ಬಿಸಿ ನೀರಲ್ಲಿ ಅದ್ದಿ ತೆಗೆದು ಬಿತ್ತು. ವುಡ್ ವುಲ್ ಕಡಿಮೆ ಬಿದ್ದರೆ ಭತ್ತದ ಹುಲ್ಲು ತೆಳ್ಳಗೆ ಹಾಸಿ ಮೇಲೆ ತೆಂಗಿನ ಬಲೆ ಎಳೆ. ದಪ್ಪ ಹಾಕಿದರೆ ಮೊಳಕೆಗೆ ಬೆಳಕು ಸಿಗುವುದಿಲ್ಲ.

ಕುಷ್ಟಗಿ ದಾಳಿಂಬೆ:
ಅಕ್ಕಾ, ಅಣ್ಣಾ, ತುಂಬಾ ಉಪಕಾರ ಆಯಿತು. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಎರಡು ಮಣ್ಣಿನ ಗುಡ್ಡೆ ಮಾಡಿದೆ. ಒಂದರ ಮೇಲೆ ವುಡ್ ವುಲ್ ಒತ್ತಿ, ಎರಡಕ್ಕೂ ತಂಬಿಗೆಯಿಂದ ನೀರು ಸುರಿದೆ. ಬರಿ ಗುಡ್ಡೆಯಿಂದ ಕೆಂಪು ಕೆಸರು ಇಳಿಯಿತು. ಎಳೆ ಇದ್ದ ಕಡೆ ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು, ಎಳೆ ನೆಂದು ಮಣ್ಣಿಗೆ ಕಚ್ಚಿಕೊಂಡಿತ್ತು. ಅಪ್ಪನೂ ಕೂತು ನೋಡಿದರು. ಈ ವಾರವೇ ದಾಳಿಂಬೆ ಕಡೆಯ ಒಡ್ಡಿನಿಂದ ಶುರು ಮಾಡುತ್ತೇವೆ. ಎಳೆಯ ಮೇಲೆ ಹಾಸಲು ತೆಂಗಿನ ಬಲೆ ಎಷ್ಟು ಜಿಎಸ್‌ಎಂ (ಒಂದು ಚದರ ಮೀಟರ್ ಬಲೆಗೆ ಎಷ್ಟು ಗ್ರಾಂ ತೂಕ) ಇರುವುದು ತರಲಿ?

ಸಂಡೂರು ಗುಡ್ಡ:
ನಿಮ್ಮ ಒಡ್ಡಿಗೆ 400 ಸಾಕು. ತೀರಾ ಕಡಿದಾಗಿದ್ದರೆ 700 ತನ್ನಿ.