ಬದಿಯಡ್ಕ ಮನೆ ಬಳಗ: ವಿನಯನ ಹಿಮಚಾರಣ

ವಿನಯ: (ವಿಡಿಯೊ) ಜನವರಿಯಲ್ಲಿ ನಾನು ಹೋಗುವುದು ಇಲ್ಲಿಗೇ. ರಾತ್ರಿಯಿಡೀ ಹಿಮ ಸುರಿದು, ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿದೆ. ಜೋರಾಗಿ ಕೂಗದಿದ್ದರೆ ಹಿಮಕುಸಿತದ ಭಯವಿಲ್ಲ ಎಂದು ಆಯೋಜಕರೇ ಬರೆದಿದ್ದಾರೆ.

ಸುಧಕ್ಕ: ಕೂಗಿಗೆ ಹಿಮ ಕುಸಿಯುವುದು ಸಿನಿಮಾದಲ್ಲಿ. ನಿಜದಲ್ಲಿ ಕಾಲಿನ ಭಾರ ಸಾಕು. ಸತ್ತ ಚಾರಣಿಗರಲ್ಲಿ ಹೆಚ್ಚಿನವರ ವಿಷಯದಲ್ಲಿ ಹಿಮವನ್ನು ಕೆಡವಿದ್ದು ಅವರೇ ಅಥವಾ ಅವರ ಜೊತೆಗಾರರೇ. ಹೊಸ ಹಿಮ ಬಿದ್ದ ಮರುದಿನದ ಆ ಚಂದದ ಬಿಸಿಲನ್ನು ನಾನಂತೂ ನಂಬುವುದಿಲ್ಲ.

ದೊಡ್ಡ ಮಾವ: ಬಿಸಿಲು ಬಂದರೆ ಹಿಮ ಗಟ್ಟಿಯಾಗುವುದಿಲ್ಲವೇ?

ಸುಧಕ್ಕ: ಗಟ್ಟಿಯಾದ ಪದರವೇ ಕೆಲವೊಮ್ಮೆ ಕಂಟಕ, ಮಾವ. ಅಡಿಯಲ್ಲಿ ಸಕ್ಕರೆಯಂತೆ ಉದುರುವ ಹರಳುಗಳಿರುತ್ತವೆ, ಮೇಲೆ ಗಾಳಿ ತಂದು ಒತ್ತಿದ ಹಿಮದ ಹಲಗೆ. ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಚಾಪೆ ಹಾಸಿ ಅದರ ಮೇಲೆ ನಡೆದು ನೋಡಿ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಇಡೀ ಹಲಗೆ ಒಮ್ಮೆಗೇ ಬಿರಿದು ಹೊರಡುತ್ತದೆ. ಕಾಲಿಟ್ಟಾಗ 'ಧುಂ' ಎಂದು ಹಿಮ ಕುಸಿದ ಸದ್ದು ಕೇಳಿದರೆ, ಬಿರುಕು ಮುಂದಕ್ಕೆ ಓಡಿದರೆ, ಹಿಂತಿರುಗಬೇಕು. ಫೋಟೊ ತೆಗೆಯುತ್ತಾ ನಿಲ್ಲಬಾರದು.



ಪ್ರಕಾಶ ಭಾವ: ಎಲ್ಲದಕ್ಕೂ ಹೆದರಿದರೆ ಹೇಗೆ? ನಮ್ಮ ಯೋಧ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಬದುಕಿರಲಿಲ್ಲವೇ?

ಸುಧಕ್ಕ: ಬದುಕಿದ್ದರು, 2016ರ ಫೆಬ್ರುವರಿ 11ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಜೊತೆಯಲ್ಲಿದ್ದ ಒಂಬತ್ತು ಯೋಧರು ಬದುಕಿ ಹೊರಬರಲಿಲ್ಲ. ಅವರ ಹೆಸರನ್ನು ಚಾರಣದ ಜಾಹೀರಾತಿಗೆ ಎಳೆಯಬೇಡಿ. ಹೂತುಹೋದವರ ಆಯುಷ್ಯ ಸಾಮಾನ್ಯವಾಗಿ ಮೊದಲ ಕಾಲು ಗಂಟೆಯಲ್ಲಿ ನಿರ್ಧಾರವಾಗುತ್ತದೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ, ಪಕ್ಕದಲ್ಲಿದ್ದವನೇ ಅಗೆಯಬೇಕು.

ಶ್ರೀಲತಾ: 2024ರಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಕರ್ನಾಟಕದ ಒಂಬತ್ತು ಮಂದಿ ತೀರಿಕೊಂಡದ್ದೂ ಹೀಗೆಯೇ ಅಲ್ಲವೇ?

ಸುಧಕ್ಕ: ಅಲ್ಲ. ಅದು ಹಿಮಗಾಳಿ ಮತ್ತು ಚಳಿ. ಅದಕ್ಕೆ ಬೇರೆ ಎಚ್ಚರ ಬೇಕು.

ವಿನಯ: ನಾವು ಇಳಿಜಾರು ಹತ್ತುವುದೇ ಇಲ್ಲ ಅಕ್ಕ, ಕಣಿವೆಯ ತಳದಲ್ಲಿ ನಡೆಯುವುದು.

ಸುಧಕ್ಕ: ಬಿದ್ದ ಹಿಮ ಬಂದು ನಿಲ್ಲುವುದೇ ಅಲ್ಲಿ! 2025ರ ಫೆಬ್ರುವರಿ 28ರಂದು ಬದರಿನಾಥದ ಬಳಿಯ ಮಾಣಾದಲ್ಲಿ ರಸ್ತೆ ಕಾರ್ಮಿಕರು ಯಾವ ಇಳಿಜಾರನ್ನೂ ಹತ್ತಿರಲಿಲ್ಲ, ಶಿಬಿರದ ಕಂಟೇನರ್‌ಗಳಲ್ಲಿದ್ದರು. 54 ಮಂದಿ ಸಿಲುಕಿದರು, ಎಂಟು ಮಂದಿ ಸತ್ತರು.

ದೊಡ್ಡ ಮಾವ: ಸಾಕು, ಸಾಕು. ರಾಣಿಪುರಂ ಬೆಟ್ಟ ಇಲ್ಲೇ ಇದೆ. ಜಿಗಣೆ ಕಚ್ಚಿದರೆ ಉಪ್ಪು ಹಾಕಿದರಾಯಿತು.

ಸುಧಕ್ಕ: ಹೋಗಬೇಡ ಎಂದು ನಾನು ಹೇಳಲಿಲ್ಲ ಮಾವ. ವಿನಯ, ಆಯೋಜಕರನ್ನು ಕೇಳು: ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒದ ಚಂಡೀಗಢ ಸಂಸ್ಥೆ ಕೊಡುವ ಹಿಮಕುಸಿತದ ಮುನ್ಸೂಚನೆಯನ್ನು ನೋಡುತ್ತಾರೆಯೇ? ಪ್ರತಿಯೊಬ್ಬರಿಗೂ ಟ್ರಾನ್ಸ್‌ಸೀವರ್ (ಹೂತುಹೋದವರಿರುವ ಜಾಗ ತೋರಿಸುವ ರೇಡಿಯೊ ಸಾಧನ), ಶೋಧಿಸುವ ಕೋಲು, ಸಲಿಕೆ ಇವೆಯೇ? ಡೇರೆಯ ಮೇಲ್ಗಡೆಯ ಇಳಿಜಾರು ಎಷ್ಟು ಡಿಗ್ರಿ?

ವಿನಯ: ಕೇಳಿದೆ. 'ಗೈಡ್ ಅನುಭವಿ, ಚಿಂತೆ ಬೇಡ' ಎಂದಿದ್ದಾರೆ.

ಸುಧಕ್ಕ: ಮೂರು ಪ್ರಶ್ನೆಗೆ ಒಂದೂ ಉತ್ತರವಿಲ್ಲ. ಮುಂಗಡ ಕೊಟ್ಟಿದ್ದೀಯಾ?

ಪ್ರಕಾಶ ಭಾವ: ಅವನಿಗೆ ಸಾಲ ಕೊಟ್ಟವನು ನಾನು. ವಿನಯ, ಇನ್ನೊಬ್ಬ ಆಯೋಜಕರನ್ನು ಹುಡುಕು.