ಮೂರು ಡಾಕ್ಟರ್ ಆಯಿತು, ಚೋಟು ಇನ್ನೂ ಪಂಜರದ ತಳದಲ್ಲೇ ಕೂತಿದೆ

ಬೆಳ್ಳಿಜುಟ್ಟು:
ತಲೆ ಕೆಟ್ಟು ಹೋಗಿದೆ. ಐದು ದಿನದಿಂದ ಚೋಟು ಸರಿ ಇಲ್ಲ. ಗರಿ ಉಬ್ಬಿಸಿಕೊಂಡು ಚೆಂಡಿನ ಹಾಗೆ ಕೂತಿರುತ್ತದೆ. ಕೋಲಿನ ಮೇಲೆ ಹತ್ತುವುದೇ ಇಲ್ಲ, ಪಂಜರದ ತಳದಲ್ಲಿ ಒಂದು ಮೂಲೆ ಹಿಡಿದುಬಿಟ್ಟಿದೆ. ಹಿಕ್ಕೆ ನೀರು ನೀರು. ಮೊದಲ ಡಾಕ್ಟರ್ ಮುಟ್ಟಿಯೂ ನೋಡಲಿಲ್ಲ. ಮೇಜಿನ ಆ ಕಡೆಯಿಂದಲೇ ಶೀತ ಆಗಿದೆ ಎಂದು ನೀರಿಗೆ ಹಾಕುವ ಪುಡಿ ಕೊಟ್ಟರು. ಎರಡನೆಯವರು ನಾಯಿ ಬೆಕ್ಕು ಮಾತ್ರ ನೋಡುವುದು ಎಂದು ಬಾಗಿಲಿಂದಲೇ ವಾಪಸ್ ಕಳಿಸಿದರು. ಮೂರನೆಯವರು ವಿಟಮಿನ್ ಹನಿ ಕೊಟ್ಟು ವಾರ ಬಿಟ್ಟು ಬನ್ನಿ ಎಂದರು. ಮನೆಯಲ್ಲಿ ಏನೂ ಬದಲಾಯಿಸಿಲ್ಲ, ಎಲ್ಲ ಮೊದಲಿನ ಹಾಗೇ ಇದೆ. ಯಾವ ಔಷಧಿ ಕೊಡಬೇಕು ಅಂತ ಒಂದೇ ಮಾತು ಹೇಳಿ, ಸಾಕು.

ಗಿಣಿಮನೆ 12:
ಚೋಟು ಅಂದರೆ ಯಾವ ಹಕ್ಕಿ? ಬಡ್ಜಿಯಾ, ಲವ್‌ಬರ್ಡಾ, ಮಕಾವಾ? ವಯಸ್ಸೆಷ್ಟು? ತೂಕ ಎಷ್ಟು? ಏನು ತಿನ್ನುತ್ತದೆ? ಇಷ್ಟಾದರೂ ಹೇಳದೆ ಔಷಧಿ ಕೇಳಿದರೆ ಶಾಸ್ತ್ರ ನೋಡಿ ಹೇಳಬೇಕಷ್ಟೆ.

ಬೆಳ್ಳಿಜುಟ್ಟು:
ಕಾಕಟೀಲ್, ಜುಟ್ಟಿರುವ ಸಣ್ಣ ಗಿಳಿ. ನನ್ನ ಹೆಸರಲ್ಲೇ ಜುಟ್ಟು ಇದೆಯಲ್ಲ ಸ್ವಾಮಿ. ಗಂಡು, ಮೂರು ವರ್ಷ. ತಿನ್ನುವುದು ಮಾಮೂಲಿ ಕಾಳು. ತೂಕವೂ ಮಾಮೂಲಿ, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ.

ಹೊಗೆಬೇಡ:
ಅಡುಗೆಮನೆಯಲ್ಲಿ ನಾನ್‌ಸ್ಟಿಕ್ ಬಾಣಲೆ ಇದೆಯಾ? ಅದನ್ನು ಮೊದಲು ಹೇಳಿ. ಅದರ ಟೆಫ್ಲಾನ್ ಲೇಪ ಜಾಸ್ತಿ ಕಾದರೆ ಬರುವ ಹೊಗೆ ನಮ್ಮ ಮೂಗಿಗೆ ಗೊತ್ತೇ ಆಗುವುದಿಲ್ಲ, ಹಕ್ಕಿಯ ಶ್ವಾಸಕೋಶವನ್ನು ಸುಟ್ಟುಬಿಡುತ್ತದೆ. ನೂರಕ್ಕೆ ನೂರು ಅದೇ.

ಬೆಳ್ಳಿಜುಟ್ಟು:
ಒಂದು ಇದೆ. ಆದರೆ ಪಂಜರ ಇರುವುದು ಹಿಂದಿನ ಕೋಣೆಯಲ್ಲಿ.

ಹೊಗೆಬೇಡ:
ಹೇಳಿದೆನಲ್ಲ. ಎಸೆಯಿರಿ ಅದನ್ನು. ಇವತ್ತೇ.

ಹಳೇಕೋಲು:
ಬಾಣಲೆ ಎಸೆಯುವುದು ಒಳ್ಳೆಯದೇ, ನಮ್ಮ ಮನೆಯಲ್ಲೂ ಇಲ್ಲ. ಆದರೆ ಆ ಹೊಗೆ ಕುಡಿದ ಹಕ್ಕಿ ನಿಮಿಷಗಳಲ್ಲಿ ಇಲ್ಲವೇ ಕೆಲವು ಗಂಟೆಗಳಲ್ಲಿ ಏದುಸಿರು ಬಿಟ್ಟು ಬಿದ್ದುಹೋಗುತ್ತದೆ. ಐದು ದಿನ ನೀರು ಹಿಕ್ಕೆ ಹಾಕುತ್ತಾ ಮೂಲೆಯಲ್ಲಿ ಕೂರುವುದಿಲ್ಲ. ಇದು ಬೇರೆ ಏನೋ.

ಬೆಳ್ಳಿಜುಟ್ಟು ಅವರೇ, ಒಂದು ಕೆಲಸ ಮಾಡಿ. ಅಡುಗೆಗೆ ಬಳಸುವ ಡಿಜಿಟಲ್ ತಕ್ಕಡಿ ಇದ್ದರೆ ಅದರ ಮೇಲೆ ಒಂದು ಡಬ್ಬಿ ಇಟ್ಟು, ಸೊನ್ನೆಗೆ ತಂದು, ಹಕ್ಕಿಯನ್ನು ಡಬ್ಬಿಯಲ್ಲಿ ಕೂರಿಸಿ. ಕೈಯಲ್ಲಿ ಹಿಡಿದು ನೋಡುವುದು ತೂಕವಲ್ಲ. ಗರಿ ಉಬ್ಬಿಸಿದ ಹಕ್ಕಿ ಯಾವಾಗಲೂ ದಪ್ಪಗೇ ಕಾಣುತ್ತದೆ. ಎದೆಯ ನಡುವಿನ ಮೂಳೆಯ ಮೇಲೆ ಬೆರಳು ಆಡಿಸಿ. ಎರಡೂ ಕಡೆ ಮಾಂಸ ತುಂಬಿದ್ದರೆ ಸರಿ. ಚಾಕುವಿನ ಬೆನ್ನಿನ ಹಾಗೆ ಚೂಪಾಗಿ ಸಿಕ್ಕರೆ ಒಣಗುತ್ತಿದೆ ಎಂದು ಅರ್ಥ.

ಬೆಳ್ಳಿಜುಟ್ಟು:
74 ಗ್ರಾಂ. ಮೂಳೆ ಚೂಪಾಗೇ ಇದೆ. ಹೋದ ತಿಂಗಳು ಮಗಳು ಆಟಕ್ಕೆ ಅಂತ ತೂಗಿದ್ದಳು, ಆಗ 92 ಇತ್ತು. ಅವಳು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ನನಗೆ ಈಗ ಭಯ ಆಗುತ್ತಿದೆ.

ಹಳೇಕೋಲು:
ಹತ್ತಿರ ಹತ್ತಿರ ಶೇಕಡಾ 20 ಇಳಿದಿದೆ. ನಮ್ಮಲ್ಲಿ 60 ಕಿಲೋ ಇರುವವರು ತಿಂಗಳೊಳಗೆ 48ಕ್ಕೆ ಬಂದ ಹಾಗೆ. ವಾರ ಬಿಟ್ಟು ಹೋಗುವ ಮಾತೇ ಇಲ್ಲ. ಕಾಡಿನಲ್ಲಿ ಕಾಯಿಲೆ ತೋರಿಸಿಕೊಂಡ ಹಕ್ಕಿ ಬೇಟೆಯಾಗುತ್ತದೆ, ಹಾಗಾಗಿ ಇವು ಕೊನೆಯವರೆಗೂ ಮುಚ್ಚಿಡುತ್ತವೆ. ತಳಕ್ಕೆ ಇಳಿದು ಕೂತಿದೆ ಎಂದರೆ ಮುಚ್ಚಿಡುವ ಶಕ್ತಿಯೂ ಮುಗಿದಿದೆ.

ಡಾಕ್ಟರ್ ಸಿಗುವವರೆಗೆ ಬೆಚ್ಚಗಿಡಿ. 29ರಿಂದ 32 ಡಿಗ್ರಿ ಸಾಕು. ಬಿಸಿ ಒಂದೇ ಪಕ್ಕದಲ್ಲಿರಲಿ, ಸೆಕೆ ಆದರೆ ಅದು ಇನ್ನೊಂದು ಕಡೆ ಸರಿಯಬೇಕು. ರೆಕ್ಕೆ ದೂರ ಹಿಡಿದು ಬಾಯಿ ತೆರೆದರೆ ಬಿಸಿ ಜಾಸ್ತಿಯಾಯಿತು ಅಂತ. ಕಾಳು, ನೀರು ಕಾಲ ಬುಡದಲ್ಲೇ ಇಡಿ. ಆ ಪುಡಿ ಹಾಕಿದ ನೀರು ತೆಗೆದು ಬರೀ ನೀರು ಕೊಡಿ. ಎಷ್ಟು ಕುಡಿಯಿತು ಅಂತಲೇ ಗೊತ್ತಿಲ್ಲದ ಮೇಲೆ ಎಷ್ಟು ಔಷಧಿ ಹೋಯಿತು ಅಂತ ಯಾರಿಗೆ ಗೊತ್ತು? ರುಚಿ ಕೆಟ್ಟರೆ ಕುಡಿಯುವುದನ್ನೇ ಬಿಡುತ್ತದೆ.

ಪಂಜರರಾಯ:
ಬಲ್ಬ್ ಹಾಕಬೇಡಿ, ರಾತ್ರಿಯೆಲ್ಲ ಬೆಳಕಿದ್ದರೆ ನಿದ್ದೆ ಬರುವುದಿಲ್ಲ. ಬೆಳಕಿಲ್ಲದ ಸೆರಾಮಿಕ್ ಹೀಟರ್ ತಗೊಳ್ಳಿ. ನನ್ನ ಏವಿಯರಿಯಲ್ಲಿ, ಅಂದರೆ ಹಕ್ಕಿಗಳು ಹಾರಾಡುವಷ್ಟು ದೊಡ್ಡ ಗೂಡಿನಲ್ಲಿ, ನಾಲ್ಕು ಹಾಕಿದ್ದೇನೆ, ಥರ್ಮೋಸ್ಟಾಟ್ ಸಮೇತ. 12 ಅಡಿ ಉದ್ದ, 6 ಅಡಿ ಅಗಲ, ನಡುವೆ ಎರಡು ಒಣ ಮರ. ಫೋಟೋ ಹಾಕುತ್ತೇನೆ ತಡೀರಿ.

ಹೊಗೆಬೇಡ:
ಕೆಲವು ಹೀಟ್ ಲ್ಯಾಂಪಿಗೂ ಅದೇ ಟೆಫ್ಲಾನ್ ಲೇಪ ಇರುತ್ತದೆ, ಗೊತ್ತಾ? ನಾನು ಹೇಳುವುದನ್ನು ಯಾರೂ ಕೇಳುವುದಿಲ್ಲ.

ಹಳೇಕೋಲು:
ಈ ಮಾತು ನಿಜ. ಲ್ಯಾಂಪ್ ತರುವವರು ಲೇಪ ಇಲ್ಲದ್ದೇ ಕೇಳಿ ತನ್ನಿ. ಇವತ್ತಿಗೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಂಜರಕ್ಕೆ ಒರಗಿಸಿದರೂ ನಡೆಯುತ್ತದೆ.

ಗಿಣಿಮನೆ 12:
ಬರೀ ಕಾಳು ತಿನ್ನಿಸಿದ್ದೇ ತಪ್ಪು. ಕಾಳಲ್ಲಿ ಕೊಬ್ಬು ಜಾಸ್ತಿ, ವಿಟಮಿನ್ ಎ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಲಿವರ್ ಹೋಗಿರುತ್ತದೆ. ಪೆಲೆಟ್‌ಗೆ, ಅಂದರೆ ಹಕ್ಕಿಗೆಂದೇ ಮಾಡಿದ ಗುಳಿಗೆ ಆಹಾರಕ್ಕೆ ಬದಲಾಯಿಸಿ.

ಪಂಜರರಾಯ:
ನನ್ನ ಹಕ್ಕಿಗಳು 15 ವರ್ಷದಿಂದ ನವಣೆ, ಸೂರ್ಯಕಾಂತಿ ಬೀಜ ತಿಂದೇ ಬೆಳೆದಿವೆ. ಪೆಲೆಟ್ ಅಂದರೆ ಡಬ್ಬದ ಊಟ.

ಗಿಣಿಮನೆ 12:
ಅವೇ 15 ವರ್ಷದ ಹಕ್ಕಿಗಳಾ, ಇಲ್ಲ 15 ವರ್ಷದಲ್ಲಿ ಬಂದು ಹೋದವು ಎಷ್ಟಾಯಿತು ಅಂತ ಲೆಕ್ಕ ಇಟ್ಟಿದ್ದೀರಾ?

ಪಂಜರರಾಯ:
ಮಾತು ನೋಡಿಕೊಂಡು ಆಡಿ.

ಹಳೇಕೋಲು:
ನಿಮ್ಮಿಬ್ಬರ ಜಗಳ ಆಮೇಲೆ. ಸಾಯುತ್ತಿರುವ ಹಕ್ಕಿಗೆ ಇವತ್ತು ಊಟ ಬದಲಾಯಿಸಿದರೆ ತಿನ್ನುವ ನಾಲ್ಕು ಕಾಳನ್ನೂ ಬಿಡುತ್ತದೆ. ಅಭ್ಯಾಸ ಇರುವುದನ್ನೇ ಕೊಡಲಿ.

ಬೆಳ್ಳಿಜುಟ್ಟು, ಡಾಕ್ಟರ್ ಹುಡುಕುವ ವಿಷಯ. ನನ್ನ ಮೊದಲ ಬಡ್ಜಿ ಹೋಗಿದ್ದು ನಾನು ಹತ್ತಿರದವರು ಸಾಕು ಅಂತ ಸುಮ್ನೆ ಕೂತಿದ್ದಕ್ಕೆ. ಆಮೇಲೆ ಕಲಿತದ್ದು ಇಷ್ಟು: ಹಕ್ಕಿ ಎತ್ತಿಕೊಂಡು ಓಡುವ ಮೊದಲು ಫೋನ್ ಮಾಡಬೇಕು. ಹಕ್ಕಿ ನೋಡುತ್ತೀರಾ ಎಂದು ಕೇಳಬೇಡಿ, ಹೂಂ ಎನ್ನುತ್ತಾರೆ. ವಾರಕ್ಕೆ ಎಷ್ಟು ಗಿಳಿ ಜಾತಿಯ ಹಕ್ಕಿ ನೋಡುತ್ತೀರಿ ಎಂದು ಕೇಳಿ. ಗ್ರಾಂ ಲೆಕ್ಕದ ತಕ್ಕಡಿ ಇದೆಯಾ ಎಂದು ಕೇಳಿ. ಇದೊಂದು ಪ್ರಶ್ನೆಗೇ ಅರ್ಧ ಜನ ತಡವರಿಸುತ್ತಾರೆ. ತೂಕ ನೋಡದೆ ಕಾಕಟೀಲ್‌ಗೆ ಔಷಧಿ ಲೆಕ್ಕ ಹಾಕಲು ಬರುವುದಿಲ್ಲ. ಹಕ್ಕಿಗೆ ಎಕ್ಸ್‌ರೇ ತೆಗೆಯುತ್ತೀರಾ, ಅಲುಗಾಡದ ಹಾಗೆ ಮಾಡಲು ಪ್ರಜ್ಞೆ ತಪ್ಪಿಸುವ ಐಸೋಫ್ಲೂರೇನ್ ಗ್ಯಾಸ್ ಇದೆಯಾ, ರಕ್ತ ತೆಗೆಯುವ ಅಭ್ಯಾಸ ಇದೆಯಾ ಎಂದು ಕೇಳಿ. 74 ಗ್ರಾಂ ಹಕ್ಕಿಯಿಂದ ಮುಕ್ಕಾಲು ಎಂಎಲ್ ಒಳಗೇ ತೆಗೆಯಬೇಕು, ಕಾಯಿಲೆ ಇದ್ದಾಗ ಇನ್ನೂ ಕಡಿಮೆ. ಅಭ್ಯಾಸ ಇಲ್ಲದವರ ಕೈಗೆ ಕೊಡಬೇಡಿ.

ಕೋಳಿ ಡಾಕ್ಟರ್ ಬೇರೆ, ಗಿಳಿ ಡಾಕ್ಟರ್ ಬೇರೆ. ಕೋಳಿ ಡಾಕ್ಟರ್ ಸಾವಿರ ಕೋಳಿಯ ಗುಂಪನ್ನು ಉಳಿಸುವ ಲೆಕ್ಕದಲ್ಲಿ ಯೋಚಿಸುತ್ತಾರೆ, ನಮ್ಮದು ಒಂದೇ ಹಕ್ಕಿ. ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇದ್ದರೆ ಅಲ್ಲಿ ಕೇಳಿ. ಮೃಗಾಲಯ ಇದ್ದರೆ ಅಲ್ಲಿನವರು ಯಾರ ಹತ್ತಿರ ಕಳಿಸುತ್ತಾರೆ ಎಂದು ಕೇಳಿ. ಹಕ್ಕಿ ಡಾಕ್ಟರ್‌ಗಳ ಸಂಘವಾದ ಅಸೋಸಿಯೇಷನ್ ಆಫ್ ಏವಿಯನ್ ವೆಟರಿನೇರಿಯನ್ಸ್ ಪಟ್ಟಿಯಲ್ಲಿ ಊರು ಹಾಕಿ ಹುಡುಕಬಹುದು. ಯಾರೂ ಸಿಗದಿದ್ದರೆ, ನನಗೆ ಗೊತ್ತಿಲ್ಲ, ಗೊತ್ತಿರುವವರಿಗೆ ಫೋನ್ ಮಾಡಿ ಕೇಳುತ್ತೇನೆ ಎನ್ನುವ ನಾಯಿ ಡಾಕ್ಟರೇ ಸಾಕು. ಎಲ್ಲ ಗೊತ್ತು ಎನ್ನುವವರಿಗಿಂತ ಅವರು ಮೇಲು.

ಇನ್ನೊಂದು. ಪಂಜರದ ಫೋಟೋ ಇಲ್ಲಿ ಹಾಕಿ. ಒರೆಸಿ ಚೊಕ್ಕ ಮಾಡಬೇಡಿ, ಇದ್ದ ಹಾಗೇ ಹಾಕಿ.

ಬೆಳ್ಳಿಜುಟ್ಟು:
ಆರು ಕಡೆ ಫೋನ್ ಮಾಡಿದೆ. ಗ್ರಾಂ ತಕ್ಕಡಿ ಎಂದ ಕೂಡಲೇ ಒಬ್ಬರು ಫೋನ್ ಇಟ್ಟೇಬಿಟ್ಟರು. ಕಾಲೇಜಿನ ಆಸ್ಪತ್ರೆಯಲ್ಲಿ ಒಬ್ಬ ಮೇಡಂ ಇದ್ದಾರೆ, ನಾಳೆ ಬೆಳಗ್ಗೆ ಬನ್ನಿ ಎಂದಿದ್ದಾರೆ. ಬೆಳಗಿನ ಹಿಕ್ಕೆ ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿದು ತನ್ನಿ, ಪೇಪರ್ ಆದರೆ ನೀರು ಹೀರಿಬಿಡುತ್ತದೆ ಅಂದರು. ಮನೆಯಲ್ಲಿ ಯಾರಿಗಾದರೂ ಜ್ವರ, ಒಣ ಕೆಮ್ಮು ಇದೆಯಾ ಅಂತಲೂ ಕೇಳಿದರು. ಅದು ಯಾಕೋ ಗೊತ್ತಾಗಲಿಲ್ಲ. ಫೋಟೋ ಹಾಕಿದ್ದೇನೆ.

ಗಿಣಿಮನೆ 12:
ಗಿಳಿಜ್ವರಕ್ಕೆ ಕೇಳಿರುತ್ತಾರೆ, ಸಿಟಾಕೋಸಿಸ್. ಅದು ಮನುಷ್ಯರಿಗೂ ಹತ್ತುತ್ತದೆ. ಒಣ ಹಿಕ್ಕೆ ಗುಡಿಸಬೇಡಿ, ಒದ್ದೆ ಮಾಡಿ ಒರೆಸಿ. ಮಗಳನ್ನು ಸ್ವಲ್ಪ ದೂರ ಇಡಿ. ಆ ಡಾಕ್ಟರ್ ಪರವಾಗಿಲ್ಲ ಅನ್ನಿಸುತ್ತದೆ.

ಹಳೇಕೋಲು:
ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಗಿಲ ಬಲಗಡೆ ಏನೋ ಸುತ್ತಿದೆಯಲ್ಲ, ಅದೇನು? ತುದಿಯಲ್ಲಿ ಬಿಳಿ ಬೂದಿ ಹಚ್ಚಿದ ಹಾಗಿದೆ.

ಬೆಳ್ಳಿಜುಟ್ಟು:
ಅದಾ? ಬಾಗಿಲಿನ ಸ್ಪ್ರಿಂಗ್ ಕಿತ್ತುಹೋಗಿತ್ತು, ಚೋಟು ಮೂತಿ ಹಾಕಿ ಎತ್ತಿ ಹೊರಗೆ ಬರುತ್ತಿತ್ತು. ಮನೆಯಲ್ಲಿದ್ದ ಜಿಐ ತಂತಿ ಸುತ್ತಿದೆ. ಎರಡು ವಾರ ಆಯಿತು ಅಷ್ಟೆ. ಅದರ ಜೊತೆ ಆಡುತ್ತಾ ಕೂತಿರುತ್ತದೆ ಪಾಪ.

ಹಳೇಕೋಲು:
ಏನೂ ಬದಲಾಯಿಸಿಲ್ಲ ಎಂದಿರಲ್ಲ!

ಜಿಐ ಅಂದರೆ ಕಬ್ಬಿಣಕ್ಕೆ ಸತುವಿನ ಲೇಪ. ಸತು ಅಂದರೆ ಜಿಂಕ್. ಅದರ ಬಿಳಿ ಪುಡಿ, ಲೇಪದ ಚೂರು, ಲೇಪ ಗಂಟುಗಟ್ಟಿದ ಹರಳು, ಎಲ್ಲವನ್ನೂ ಕೊಕ್ಕಲ್ಲಿ ಕೆರೆದು ನುಂಗುತ್ತವೆ. ಕಾಳು ಅರೆಯುವ ಗಿಜಾರ್ಡ್ ಹೊಟ್ಟೆಯಲ್ಲಿ ಚೂರು ಕೂತು ನಿಧಾನಕ್ಕೆ ಕರಗುತ್ತದೆ. ಜಾಸ್ತಿ ನೀರು ಕುಡಿಯುವುದು, ನೀರು ಹಿಕ್ಕೆ, ಸೊರಗುವುದು, ವಾಂತಿ, ಎಲ್ಲ ಬರುತ್ತದೆ. ಹೊಸ ಜಾಲರಿ ಪಂಜರಕ್ಕೆ ಹಾಕಿದ ಹಕ್ಕಿಗಳಲ್ಲಿ ಇದು ಎಷ್ಟು ಕಂಡಿದೆ ಎಂದರೆ ಹೊಸ ತಂತಿ ಕಾಯಿಲೆ ಎಂದೇ ಹೆಸರು. ನಾನು ಡಾಕ್ಟರಲ್ಲ, ಇದೇ ಅಂತ ಹೇಳುತ್ತಿಲ್ಲ. ಆದರೆ ಈ ತಂತಿ ವಿಷಯ ಬಾಗಿಲಲ್ಲೇ ಹೇಳಿ. ತಂತಿ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿ ಜೊತೆಗೇ ಒಯ್ಯಿರಿ. ಎಕ್ಸ್‌ರೇ ಕೇಳಿ. ರಕ್ತದಲ್ಲಿ ಸತು ನೋಡುವುದಾದರೆ ಕೊಳವೆಗೆ ರಬ್ಬರ್ ಬಿರಡೆ ಬೇಡ, ರಬ್ಬರಿನಿಂದಲೇ ಸತು ಸೇರಿ ಲೆಕ್ಕ ತಪ್ಪುತ್ತದೆ.

ಪಂಜರರಾಯ:
ತಂತಿಯನ್ನು ವಿನೆಗರ್‌ನಲ್ಲಿ ಉಜ್ಜಿ ತೊಳೆದರೆ ಏನೂ ಆಗುವುದಿಲ್ಲ. ನನ್ನ ಏವಿಯರಿಯ ಜಾಲರಿ ಪೂರ್ತಿ ಜಿಐ.

ಹಳೇಕೋಲು:
ತೊಳೆದರೆ ಮೇಲಿನ ಪುಡಿ ಹೋಗುತ್ತದೆ, ಲೇಪ ಅಲ್ಲೇ ಇರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಈ ತಲೆನೋವು ಇಲ್ಲ.

ಪಂಜರರಾಯ:
72 ಚದರ ಅಡಿಯ ಏವಿಯರಿಗೆ ಸ್ಟೇನ್‌ಲೆಸ್ ಯಾರು ಹಾಕಿಸುತ್ತಾರೆ? ನೀವು ಕೊಡಿಸುತ್ತೀರಾ?

ಬೆಳ್ಳಿಜುಟ್ಟು:
ಹೋಗಿ ಬಂದೆವು. ಮೇಡಂ ಮೊದಲು ಹತ್ತು ನಿಮಿಷ ಚೋಟುವನ್ನು ಮುಟ್ಟಲೇ ಇಲ್ಲ, ಆದರೆ ಆ ಮೊದಲನೆಯವರ ಹಾಗಲ್ಲ. ಸುಮ್ಮನೆ ದೂರದಿಂದ ನೋಡುತ್ತಾ ಕೂತರು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತದಾ ಅಂತ ನೋಡಿದ್ದಂತೆ. ಆಮೇಲೆ ತಕ್ಕಡಿ, 72 ಗ್ರಾಂ. ಡಬ್ಬಿಯಲ್ಲಿದ್ದ ತಂತಿ ನೋಡಿ ಏನೂ ಹೇಳಲಿಲ್ಲ, ನೇರ ಎಕ್ಸ್‌ರೇಗೆ ಕರೆದುಕೊಂಡು ಹೋದರು.

ಫಿಲ್ಮಿನಲ್ಲಿ ಹೊಟ್ಟೆ ಜಾಗದಲ್ಲಿ ಮೂರು ಚುಕ್ಕೆ. ಸಾಸಿವೆಗಿಂತ ಚಿಕ್ಕವು. ಮೂಳೆಗಿಂತ ಬೆಳ್ಳಗೆ. ಮಗಳಿಗೂ ಕಂಡಿತು, ಅಪ್ಪಾ ಅದು ನಮ್ಮ ತಂತಿಯಾ ಎಂದಳು. ನನಗೆ ಮಾತೇ ಹೊರಡಲಿಲ್ಲ.

ರಕ್ತ ಕಳಿಸಿದ್ದಾರೆ. ಫಲಿತಾಂಶಕ್ಕೆ ಕಾಯುವುದು ಬೇಡ ಎಂದು ಕ್ಯಾಲ್ಸಿಯಂ ಇಡಿಟಿಎ ಇಂಜೆಕ್ಷನ್ ಶುರು ಮಾಡಿದರು, ದಿನಕ್ಕೆ ಎರಡು ಸಲ. ಅದು ರಕ್ತದಲ್ಲಿರುವ ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುತ್ತದಂತೆ. ಜೊತೆಗೆ ಚರ್ಮದ ಕೆಳಗೆ ಸಲೈನ್, ಕೊಳವೆಯಲ್ಲಿ ಊಟ. ಗಿಳಿಜ್ವರದ ಪರೀಕ್ಷೆಗೂ ಸ್ವಾಬ್ ತೆಗೆದಿದ್ದಾರೆ. ಅಲ್ಲೇ ಇಟ್ಟುಕೊಂಡಿದ್ದಾರೆ.

ಇನ್ನೊಂದು ವಿಷಯ. ಬಾಲದ ಅಡಿಯ ಹಳದಿ ಪಟ್ಟಿ ತೋರಿಸಿ, ಇದು ಗಂಡು ಅಂತ ಯಾರು ಹೇಳಿದ್ದು ಎಂದು ಕೇಳಿದರು.

ಗಿಣಿಮನೆ 12:
ಹಹ್ಹಾ. ಮೂರು ವರ್ಷದಲ್ಲಿ ಒಂದು ದಿನವೂ ಶಿಳ್ಳೆ ಹಾಡು ಹಾಡಲಿಲ್ಲ, ಅಲ್ವಾ?

ಬೆಳ್ಳಿಜುಟ್ಟು:
ನಾಚಿಕೆ ಸ್ವಭಾವ ಅಂದುಕೊಂಡಿದ್ದೆ.

ಹೊಗೆಬೇಡ:
ಒಳ್ಳೆಯದಾಯಿತು. ಬಾಣಲೆ ಎಸೆದಿರಾ?

ಬೆಳ್ಳಿಜುಟ್ಟು:
ಮೂರನೆಯ ದಿನ. 75 ಗ್ರಾಂ. ಇವತ್ತು ಬೆಳಗ್ಗೆ ತಳದಿಂದ ಎರಡು ಇಂಚು ಎತ್ತರದ ಕೋಲಿಗೆ ತಾನೇ ಹತ್ತಿತು ಎಂದು ಮೇಡಂ ವಿಡಿಯೋ ಕಳಿಸಿದ್ದಾರೆ. ಚುಕ್ಕೆ ಎರಡು ಉಳಿದಿವೆ. ರಕ್ತದ ವರದಿ ಇನ್ನೂ ಬಂದಿಲ್ಲ. ಬಾಗಿಲಿಗೆ ಸ್ಟೀಲ್ ಕೊಂಡಿ ಹಾಕಿಸಿದೆ. ಮಗಳು ಪುಸ್ತಕದಲ್ಲಿ ದಿನಾ ತೂಕ ಬರೆಯುತ್ತಿದ್ದಾಳೆ. ಚೋಟು ಎಂಬ ಹೆಸರು ಹೊಡೆದು ಚೋಟಿ ಎಂದು ತಿದ್ದಿದ್ದಾಳೆ.

ಹೊಸಗೂಡು:
ನಮಸ್ಕಾರ, ಇದನ್ನೆಲ್ಲ ಓದಿ ಗಾಬರಿಯಾಯಿತು. ನನ್ನ ಲವ್‌ಬರ್ಡ್ ಪಂಜರಕ್ಕೆ ಹಸಿರು ಬಣ್ಣ ಇದೆ, ಅಲ್ಲಲ್ಲಿ ಎದ್ದಿದೆ. ಪರವಾಗಿಲ್ಲವಾ?

ಪಂಜರರಾಯ:
ಯಾವ ಬಣ್ಣ, ಯಾವ ಅಳತೆಯ ಪಂಜರ? ನನ್ನ ಏವಿಯರಿ ಫೋಟೋ ಹಾಕಿದ್ದೇನೆ, ಅದನ್ನು ನೋಡಿ ಮೊದಲು.